ಹೊರನಾಡಿನ ಕದವೂ ನಮ್ಮ ಉಪಾಧ್ಯಾಯರ ಪತ್ರಗಳೂ

ಕಳೆದ ವಾರ ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಿಂದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನಮ್ಮ ಕಾರ್ಯಾಲಯಕ್ಕೆ ದಯಮಾಡಿಸಿದ್ದರು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಚೀಲದ ತುಂಬ ಕಾಗದಗಳು. ಅವರ ಮಗಳು ಗಣಿತವನ್ನು ಓದಿ ಬಿ.ಎಸ್‌ಸಿ. ಪದವಿ ಪಡೆದು, 2015ರಿಂದ 2017ರವರೆಗೆ ಬಿ.ಎಡ್. ವ್ಯಾಸಂಗ ಮುಗಿಸಿ, ಅಂದಿನಿಂದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದಾರೆ. ಕುಶಲವೃತ್ತಿಯವರಿಗೆ ಆಸ್ಟ್ರೇಲಿಯ ದೇಶದವರು ಕೊಡುವ ವೀಸಾವನ್ನು ಪಡೆದು ಅಲ್ಲಿಯ ಶಾಲೆಗಳಲ್ಲಿ ಉಪಾಧ್ಯಾಯಿನಿಯಾಗಬೇಕೆಂಬುದು ಅವರ ಅಪೇಕ್ಷೆ. ಅದಕ್ಕಾಗಿ ಒಂದು ಪತ್ರ ಬೇಕು. ಆ ಪತ್ರ ಒಂದೂವರೆ ವರ್ಷದಿಂದ ಸಿಕ್ಕಿಲ್ಲ.

“ಸ್ವಾಮೀ, ಮಗಳು ಪಾಠ ಹೇಳಿದ್ದು ಸುಳ್ಳೇನು? ಹೇಳಿದ್ದಾಳೆಂದು ಬರೆದುಕೊಡುವುದಕ್ಕೆ ಇಷ್ಟು ಕಷ್ಟವೇ?” ಎಂದು ಆ ಹಿರಿಯರು ಕೇಳಿದರು. ನಮ್ಮಲ್ಲಿ ಕೂಡಲೇ ಉತ್ತರವಿರಲಿಲ್ಲ. ಕಾಗದಗಳನ್ನೆಲ್ಲ ಸಾವಧಾನವಾಗಿ ಓದಿದ ಮೇಲೆ ಇದು ಒಬ್ಬ ತಂದೆಯ ತೊಂದರೆ ಮಾತ್ರವಲ್ಲ, ನಮ್ಮ ವಿದ್ಯಾವ್ಯವಸ್ಥೆಯ ಒಂದು ದೊಡ್ಡ ಲೋಪ ಎಂದು ಮನವರಿಕೆಯಾದುದರಿಂದ ವಾಚಕ ಮಹಾಶಯರ ಮುಂದೆ ಇಡುತ್ತಿದ್ದೇವೆ.

ಮೊದಲು ಆ ದೇಶದವರು ಏನನ್ನು ಕೇಳುತ್ತಾರೆಂಬುದನ್ನು ನೋಡೋಣ. ಹೊರನಾಡಿನ ಉಪಾಧ್ಯಾಯರ ಯೋಗ್ಯತೆಯನ್ನು ಪರಿಶೀಲಿಸುವ ಕೆಲಸವನ್ನು ಅಲ್ಲಿ ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಫಾರ್ ಟೀಚಿಂಗ್ ಅಂಡ್ ಸ್ಕೂಲ್ ಲೀಡರ್‌ಷಿಪ್ ಎಂಬ ಸಂಸ್ಥೆಗೆ ವಹಿಸಲಾಗಿದೆ. ಅದರ ನಿಯಮಗಳು ಮುಖ್ಯವಾಗಿ ಮೂರು. ಒಂದನೆಯದು, ಅಭ್ಯರ್ಥಿಯು ಒಟ್ಟು 4 ವರ್ಷಗಳ ಉನ್ನತ ಶಿಕ್ಷಣವನ್ನು ಪಡೆದಿರಬೇಕು. ಅದರಲ್ಲಿ ಕನಿಷ್ಠ 1 ವರ್ಷ ಉಪಾಧ್ಯಾಯ ವೃತ್ತಿಯ ಶಿಕ್ಷಣವಾಗಿರಬೇಕು. ಎರಡನೆಯದು, ಆ ಶಿಕ್ಷಣದ ಅಂಗವಾಗಿ ಮೇಲ್ವಿಚಾರಕರ ಸಮಕ್ಷಮದಲ್ಲಿ 45 ದಿನಗಳಿಗೆ ಕಡಮೆಯಿಲ್ಲದೆ ತರಗತಿಯಲ್ಲಿ ಪಾಠ ಹೇಳಿರಬೇಕು. ಮೂರನೆಯದು, ಐ.ಇ.ಎಲ್.ಟಿ.ಎಸ್. ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಓದುವುದಕ್ಕೂ ಬರೆಯುವುದಕ್ಕೂ 7, ಕೇಳುವುದಕ್ಕೂ ಮಾತನಾಡುವುದಕ್ಕೂ 8 ಅಂಕಗಳನ್ನು ಪಡೆಯಬೇಕು. ಆಸ್ಟ್ರೇಲಿಯ, ಇಂಗ್ಲೆಂಡು, ಅಮೆರಿಕ, ಕೆನಡ ಮೊದಲಾದ ಕೆಲವು ದೇಶಗಳಲ್ಲಿ ಓದಿದವರಿಗೆ ಈ ಪರೀಕ್ಷೆಯಿಂದ ವಿನಾಯಿತಿಯುಂಟು. ಹಿಂದೂಸ್ಥಾನದಲ್ಲಿ ಇಂಗ್ಲಿಷಿನಲ್ಲಿಯೇ ಓದಿದವರಿಗೂ ಆ ವಿನಾಯಿತಿ ಇಲ್ಲ.

ಈ ಮೂರನೆಯ ನಿಯಮವನ್ನು ಕುರಿತು ನಮಗೆ ಅಸಮಾಧಾನವಿಲ್ಲದೆ ಇಲ್ಲ. ಆದರೆ ತಮ್ಮ ಮಕ್ಕಳಿಗೆ ಪಾಠ ಹೇಳುವವರು ಯಾರೆಂದು ಪರೀಕ್ಷಿಸುವ ಅಧಿಕಾರ ಪ್ರತಿಯೊಂದು ರಾಷ್ಟ್ರಕ್ಕೂ ಉಂಟು. ನಮ್ಮಲ್ಲಿಯೂ ಬಿ.ಎಡ್. ಆದ ಮಾತ್ರಕ್ಕೆ ಯಾರನ್ನೂ ಸರಕಾರಿ ಶಾಲೆಗೆ ತೆಗೆದುಕೊಳ್ಳುವುದಿಲ್ಲ. ಅರ್ಹತಾ ಪರೀಕ್ಷೆಯೊಂದನ್ನು ಇಟ್ಟಿದ್ದೇವೆ. ಹೀಗಿರುವಲ್ಲಿ ಅನ್ಯರು ಪರೀಕ್ಷೆ ಇಟ್ಟರೆಂದು ಸಿಟ್ಟಾಗುವುದು ನ್ಯಾಯವಲ್ಲ.

ಆ ಉಪಾಧ್ಯಾಯಿನಿಯು ಇಂಗ್ಲಿಷ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾರೆ. ಪದವಿಯ 3 ವರ್ಷ, ಬಿ.ಎಡ್.ನ 2 ವರ್ಷ ಕೂಡಿ 5 ವರ್ಷಗಳಾದುವು. ಮೊದಲನೆಯ ನಿಯಮವೂ ಪೂರೈಸಿತು. ಎಡವಿದ್ದು ಎರಡನೆಯದರಲ್ಲಿ. ಆದರೆ ವಿಚಾರಮಾಡಿ ನೋಡಿದರೆ ಅಲ್ಲಿಯೇ ನಮ್ಮವರು ಎಲ್ಲರಿಗಿಂತ ಬಲವಾಗಿರಬೇಕಾಗಿತ್ತು! ರಾಷ್ಟ್ರೀಯ ಉಪಾಧ್ಯಾಯ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ಪ್ರಕಾರ ಬಿ.ಎಡ್. ಅವಧಿಯು ಎರಡು ವರ್ಷಗಳಾಯಿತು. ಅದರಲ್ಲಿ 20 ವಾರಗಳು ಶಾಲೆಯಲ್ಲಿ ಕಳೆಯತಕ್ಕವು. ಆಸ್ಟ್ರೇಲಿಯದವರು ಕೇಳುವುದು 45 ದಿನ. ನಮ್ಮ ಕಾನೂನು ವಿಧಿಸುವುದು ಅದರ ಇಮ್ಮಡಿಗೂ ಮಿಗಿಲು. ಆದರೂ ಅಂಕಪಟ್ಟಿಯಲ್ಲಿ ಈ 20 ವಾರಗಳ ಸುಳಿವೇ ಇಲ್ಲ. ‘ಶಾಲಾನುಭವ’ ಎಂಬ ಒಂದು ಸಾಲು, ಅದರ ಮುಂದೆ ಪಡೆದ ಅಂಕ, ಅಷ್ಟೇ. ಎಷ್ಟು ದಿನ, ಯಾವ ಶಾಲೆ, ಯಾವ ತರಗತಿ, ಯಾರ ಮೇಲ್ವಿಚಾರಣೆ ಎಂಬ ಪ್ರಶ್ನೆಗಳಿಗೆ ಆ ಹಾಳೆಯು ಉತ್ತರ ಹೇಳುವುದಿಲ್ಲ.

ಆದುದರಿಂದ ಪ್ರತ್ಯೇಕವಾಗಿ ಪತ್ರವನ್ನು ಬೇಡಬೇಕಾಯಿತು. ಪದವಿ ಕೊಟ್ಟ ವಿಶ್ವವಿದ್ಯಾಲಯದಿಂದ ನಾಲ್ಕು ತಿಂಗಳ ತರುವಾಯ ಬಂದ ಉತ್ತರ, “ಸದರಿಯವರು ಬಿ.ಎಡ್. ಪದವಿ ಪಡೆದಿರುವುದು ನಿಜ” ಎಂಬ ಒಂದೇ ವಾಕ್ಯ. ದಿನಗಳ ಲೆಕ್ಕವನ್ನು ಕಾಲೇಜಿನಲ್ಲಿ ಕೇಳಿರಿ ಎಂದರು. ಕಾಲೇಜಾದರೋ ವಿದ್ಯಾರ್ಥಿಗಳಿಲ್ಲದೆ ಮುಚ್ಚಿಹೋಗಿದೆ. ಹಾಜರಿ ಪುಸ್ತಕಗಳು ಆಡಳಿತ ಮಂಡಲಿಯವರೊಬ್ಬರ ಅಟ್ಟದ ಮೇಲೆ ಇರಬಹುದೆಂದು ಸುದ್ದಿ. ಮರಳಿ ವಿಶ್ವವಿದ್ಯಾಲಯಕ್ಕೆ ಹೋದರೆ, ಹಾಗೆ ಬರೆದುಕೊಡುವ ‘ಪದ್ಧತಿ ಇಲ್ಲ’ ಎಂಬ ಉತ್ತರ. ಪದ್ಧತಿ ಇಲ್ಲವೆಂಬ ಈ ಎರಡು ಶಬ್ದಗಳಿಂದ ನಮ್ಮ ಕಚೇರಿಗಳಲ್ಲಿ ಎಷ್ಟು ಮನೆಗಳ ದೀಪ ನಂದಿದೆಯೋ ಹೇಳಲಾಗದು.

ತಡವಾದರೆ ಏನು, ಇಂದಲ್ಲ ನಾಳೆ ಸಿಕ್ಕೀತು ಎಂದು ಕೆಲವರು ಹೇಳಬಹುದು. ಅವರಿಗೆ ಈ ವೀಸಾದ ಲೆಕ್ಕಾಚಾರ ತಿಳಿಯದು. ಆಸ್ಟ್ರೇಲಿಯದವರು ಅಭ್ಯರ್ಥಿಗಳನ್ನು ಅಂಕಗಳಿಂದ ಅಳೆಯುತ್ತಾರೆ. ಕನಿಷ್ಠ 65 ಅಂಕಗಳಾದರೂ ಬೇಕು. ಹೆಚ್ಚು ಇದ್ದವರಿಗೆ ಮೊದಲು ಕರೆ. ವಯಸ್ಸು 25ರಿಂದ 32ರೊಳಗಿದ್ದರೆ 30 ಅಂಕಗಳು. 33 ತುಂಬಿದ ದಿನ ಅದು 25ಕ್ಕೆ ಇಳಿಯುವುದು. 45 ಆದವರಿಗೆ ಬಾಗಿಲೇ ಇಲ್ಲ. ಇಂಗ್ಲಿಷ್ ಪರೀಕ್ಷೆಯ ಫಲಿತಾಂಶಕ್ಕೂ ಕಾಲಮಿತಿಯುಂಟು. ಅರಸೀಕೆರೆಯ ಈ ಉಪಾಧ್ಯಾಯಿನಿಗೆ ಬರುವ ಕಾರ್ತಿಕದಲ್ಲಿ 33 ತುಂಬುವುದು. ಗುಮಾಸ್ತರ ಮೇಜಿನ ಮೇಲೆ ಕಾಗದವು ಮಲಗಿರುವಷ್ಟು ಕಾಲವೂ ಆಕೆಯ ಅಂಕಗಳು ಸವೆಯುತ್ತಿವೆ.

ಇನ್ನು ನಮ್ಮ ಸೀಮೆಗೆ ವಿಶೇಷವಾದ ಒಂದು ತೊಡಕನ್ನು ಹೇಳಬೇಕು. ಕರ್ನಾಟಕದಲ್ಲಿ ಎರಡು ಅರಸೀಕೆರೆಗಳುಂಟು. ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್ ಎಲ್ಲರಿಗೂ ಗೊತ್ತು. ಹರಪನಹಳ್ಳಿ ತಾಲ್ಲೂಕಿನ ಹೋಬಳಿಯ ಮುಖ್ಯಸ್ಥಳವಾದ ನಮ್ಮ ಅರಸೀಕೆರೆಯನ್ನು ಹೊರಗಿನವರು ಅರಿಯರು. ಅದಿರಲಿ, ಹರಪನಹಳ್ಳಿಯ ಜಿಲ್ಲೆ ಯಾವುದು? ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು 1953ರ ಅಕ್ಟೋಬರ್ 1ರಂದು ಮೈಸೂರು ಸಂಸ್ಥಾನಕ್ಕೆ ಸೇರಿತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ನಡುವೆ 2014ರ ನವೆಂಬರ್ 1ರಿಂದ ಬಳ್ಳಾರಿಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವ ಕ್ರಮವೂ ಬದಲಾಯಿತು. ಒಬ್ಬರ ಜನನಪತ್ರದಲ್ಲಿ ಒಂದು ಜಿಲ್ಲೆ, ಶಾಲೆಯ ವರ್ಗಾವಣೆ ಪತ್ರದಲ್ಲಿ ಮತ್ತೊಂದು, ಪಾಸ್‌ಪೋರ್ಟಿನಲ್ಲಿ ಮೂರನೆಯದು! ವಿಶ್ವವಿದ್ಯಾಲಯಗಳ ಸಂಗತಿಯೂ ಹೀಗೆಯೇ. ಬಳ್ಳಾರಿ ಜಿಲ್ಲೆಯ ಕಾಲೇಜುಗಳು ಗುಲ್ಬರ್ಗಾ ವಿಶ್ವವಿದ್ಯಾಲಯದ ಅಧೀನದಲ್ಲಿದ್ದವು. 2009ರಲ್ಲಿ ದಾವಣಗೆರೆಯಲ್ಲಿಯೂ 2010ರಲ್ಲಿ ಬಳ್ಳಾರಿಯಲ್ಲಿಯೂ ಹೊಸ ವಿಶ್ವವಿದ್ಯಾಲಯಗಳು ಹುಟ್ಟಿದವು. ಹೀಗೆ ಮನೆ ಬಿಟ್ಟು ಕದಲದವನ ಕಾಗದಗಳೂ ಹಲವು ಊರು ಸುತ್ತಿದಂತೆ ಕಾಣುತ್ತವೆ. ದೂರದೇಶದಲ್ಲಿ ಕುಳಿತ ಪರಿಶೀಲಕನಿಗೆ ಇದು ಮೋಸವೆಂದು ತೋರಿದರೆ ಆತನನ್ನು ಹೇಗೆ ದೂಷಿಸೋಣ?

ಒಂದು ಕಾಗದದ ಬೆಲೆಯನ್ನು ಹರಪನಹಳ್ಳಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಹೈದರಾಬಾದ್ ಕರ್ನಾಟಕಕ್ಕೆ ವಿದ್ಯೆ ಉದ್ಯೋಗಗಳಲ್ಲಿ ವಿಶೇಷ ಸೌಲಭ್ಯ ಕಲ್ಪಿಸುವ 371-ಜೆ ಅನುಚ್ಛೇದವು ರಾಜ್ಯಾಂಗಕ್ಕೆ ಸೇರಿದಾಗ ಈ ತಾಲ್ಲೂಕು ದಾವಣಗೆರೆಗೆ ಸೇರಿದ್ದುದರಿಂದ ಹೊರಗುಳಿಯಿತು. ಅದನ್ನು ಪಡೆಯುವುದಕ್ಕಾಗಿ ಇಲ್ಲಿಯ ಜನರು ವರ್ಷಗಟ್ಟಲೆ ಹೋರಾಡಿದರು. ಕನ್ನಡನಾಡಿಗೂ ಇದು ಹೊಸ ಅನುಭವವಲ್ಲ. 1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರುಗಳಿಂದ ಬಂದ ಕನ್ನಡಿಗರು ಒಂದಾದಾಗ, ಒಂದೊಂದು ಆಡಳಿತದ ನೌಕರರ ದರ್ಜೆಯನ್ನೂ ಸೇವಾಹಿರಿತನವನ್ನೂ ಇನ್ನೊಂದಕ್ಕೆ ಸರಿದೂಗಿಸುವುದಕ್ಕೆ ಪಟ್ಟಿಗಳ ಮೇಲೆ ಪಟ್ಟಿಗಳಾದವು, ನ್ಯಾಯಾಲಯಗಳಲ್ಲಿ ವ್ಯಾಜ್ಯಗಳಾದವು. ಅಣ್ಣತಮ್ಮಂದಿರೊಳಗೆ ಸಮಾನತೆಯನ್ನು ಗೊತ್ತುಮಾಡುವುದೇ ಅಷ್ಟು ಕಷ್ಟವಾಗಿದ್ದರೆ ಏಳು ಸಮುದ್ರದಾಚೆಯವರೊಡನೆ ಅದು ಸುಲಭವಾಗುವುದೆಂತು?

ಭಾರತಕ್ಕೂ ಆಸ್ಟ್ರೇಲಿಯಕ್ಕೂ 2023ರ ಮಾರ್ಚಿ 2ರಂದು ಪದವಿಗಳ ಪರಸ್ಪರ ಮನ್ನಣೆಯ ಒಪ್ಪಂದವಾಯಿತಲ್ಲ ಎಂದು ತಿಳಿದವರು ಕೇಳಬಹುದು. ಆಯಿತು, ನಿಜ. ಒಂದು ದೇಶದ ಪದವಿಯಿಂದ ಮತ್ತೊಂದು ದೇಶದಲ್ಲಿ ಮುಂದಿನ ವ್ಯಾಸಂಗಕ್ಕೆ ಅದು ಸಹಾಯಕ. ಆದರೆ ವೃತ್ತಿಯ ನೋಂದಣಿಗೆ ಅದು ಅನ್ವಯಿಸುವುದಿಲ್ಲ. ಆಸ್ಟ್ರೇಲಿಯದಲ್ಲಿ ವೀಸಾ ಸಿಕ್ಕ ಮೇಲೂ ಆಯಾ ಸಂಸ್ಥಾನದ ಉಪಾಧ್ಯಾಯ ಮಂಡಲಿಯಲ್ಲಿ ಹೆಸರು ದಾಖಲಾಗದೆ ಪಾಠ ಹೇಳಲಾಗದು. ಇಂಗ್ಲೆಂಡಿನವರು 2023ರ ಫೆಬ್ರವರಿಯಿಂದ ನಮ್ಮ ದೇಶದ ಗಣಿತ, ವಿಜ್ಞಾನ, ಭಾಷೆಗಳ ಪ್ರೌಢಶಾಲಾ ಉಪಾಧ್ಯಾಯರಿಗೆ ತಮ್ಮ ಉಪಾಧ್ಯಾಯ ಮನ್ನಣೆಗೆ ನೇರವಾಗಿ ಅರ್ಜಿ ಹಾಕಿಕೊಳ್ಳಲು ಅವಕಾಶ ಕೊಟ್ಟರು. ಆ ಮನ್ನಣೆಯೇ ವೀಸಾ ಅಲ್ಲ. ಕೆಲಸ ಕೊಡುವ ಶಾಲೆಯೊಂದು ಬೇರೆ ಬೇಕು. ಈ ಭೇದಗಳನ್ನು ಮರೆಮಾಚಿ ‘ಎಲ್ಲವನ್ನೂ ನಾವೇ ಮಾಡಿಕೊಡುತ್ತೇವೆ’ ಎಂದು ಹಣ ಕೀಳುವ ದಲ್ಲಾಳಿಗಳು ಪಟ್ಟಣಗಳಲ್ಲಿ ಹೆಚ್ಚಿದ್ದಾರೆ. ಹೊಲ ಒತ್ತೆಯಿಟ್ಟು ಅವರ ಕೈಗೆ ಹಣ ಸುರಿದವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ದಿನಗಳ ಲೆಕ್ಕದ ಪತ್ರವನ್ನು ‘ತಯಾರಿಸಿ’ ಕೊಡುತ್ತೇವೆಂದು ಆ ಹಿರಿಯರಿಗೂ ಒಬ್ಬನು ಹೇಳಿದನಂತೆ. ಅವರು ಒಪ್ಪಲಿಲ್ಲ. ಒಬ್ಬರ ಖೋಟಾ ಪತ್ರವು ಬಯಲಾದರೆ ಮುಂದೆ ಬರುವ ನೂರು ಜನರ ನಿಜವಾದ ಪತ್ರವನ್ನೂ ಸಂಶಯದಿಂದ ನೋಡುತ್ತಾರೆಂಬುದನ್ನು ಆ ಹಳೆಯ ಮುಖ್ಯೋಪಾಧ್ಯಾಯರು ಬಲ್ಲರು.

ಇಷ್ಟಕ್ಕೂ ನಮ್ಮ ಉಪಾಧ್ಯಾಯರು ದೇಶ ಬಿಟ್ಟು ಹೋಗುವುದಕ್ಕೆ ದೇಶಾಭಿಮಾನಿಯಾದ ಪತ್ರಿಕೆಯು ನೆರವಾಗಬೇಕೆ? ಈ ಆಕ್ಷೇಪಣೆಯನ್ನು ನಾವು ಹಗುರವಾಗಿ ತಳ್ಳುವುದಿಲ್ಲ. ಗಣಿತದ ಉಪಾಧ್ಯಾಯರಿಲ್ಲದ ಪ್ರೌಢಶಾಲೆಗಳು ನಮ್ಮ ಸೀಮೆಯಲ್ಲಿಯೇ ಇವೆ. ಅಂಥವರೊಬ್ಬರು ಹೋದರೆ ನಷ್ಟವು ನಮ್ಮದೇ. ಆದರೆ ಅವರನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆ? ಅತಿಥಿ ಶಿಕ್ಷಕರೆಂದು ಜೂನ್‌ನಲ್ಲಿ ಕರೆದು, ವರ್ಷದ ಪಾಠ ಮುಗಿದೊಡನೆ ಬೀಳ್ಕೊಟ್ಟು, ಮರುವರ್ಷ ಮತ್ತೆ ಅರ್ಜಿ ಬರೆಯಿಸುತ್ತೇವೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಿಜಮಾಡುತ್ತಿರುವವರು ನಾವು. ಉಳಿಸಿಕೊಳ್ಳುವ ಮಾರ್ಗವು ಒಳ್ಳೆಯ ಸಂಬಳವೂ ಖಾಯಂ ಕೆಲಸವೂ ಮರ್ಯಾದೆಯೂ ಹೊರತು, ಆಕೆಯದೇ ಆದ ಪತ್ರವನ್ನು ಬಚ್ಚಿಡುವುದಲ್ಲ. ಅಲ್ಲದೆ ಪತ್ರವಿಲ್ಲದೆ ಗಂಡನೊಡನೆಯೋ ಬಂಧುಗಳೊಡನೆಯೋ ಹೊರಟುಹೋದ ಉಪಾಧ್ಯಾಯಿನಿಯು ಅಲ್ಲಿ ಅಂಗಡಿಯಲ್ಲಿ ಸಾಮಾನು ಎಣಿಸುವ ಕೆಲಸಕ್ಕೆ ನಿಲ್ಲುವಳು. ಅದರಿಂದ ನಮ್ಮ ಶಾಲೆಗೂ ಲಾಭವಿಲ್ಲ, ನಾಡಿನ ಹೆಸರಿಗೂ ಲಾಭವಿಲ್ಲ.

ಆದುದರಿಂದ ಸಂಬಂಧಪಟ್ಟವರಲ್ಲಿ ನಮ್ಮ ಸೂಚನೆಗಳಿವು. ವಿಶ್ವವಿದ್ಯಾಲಯಗಳು ಬಿ.ಎಡ್. ಅಂಕಪಟ್ಟಿಯಲ್ಲಿಯೇ ಮೇಲ್ವಿಚಾರಣೆಯ ಪಾಠದ ದಿನಗಳನ್ನೂ ಶಾಲೆಯ ಹೆಸರನ್ನೂ ತರಗತಿಗಳನ್ನೂ ಅಚ್ಚು ಹಾಕತಕ್ಕದ್ದು. ಇದಕ್ಕೆ ಒಂದು ಸಾಲು ಸಾಕು. ಮುಚ್ಚಿಹೋಗುವ ಕಾಲೇಜು ತನ್ನ ಹಾಜರಿ ಪುಸ್ತಕಗಳನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸದ ಹೊರತು ಅದಕ್ಕೆ ಬಿಡುಗಡೆ ಕೊಡಕೂಡದು. ಇಂಥ ಪತ್ರಗಳನ್ನು ಕೊಡುವುದಕ್ಕೆ 30 ದಿನಗಳ ಗಡುವನ್ನು ಗೊತ್ತುಮಾಡಬೇಕು. ಹರಪನಹಳ್ಳಿ ತಾಲ್ಲೂಕಿನ ಜಿಲ್ಲೆ ಬದಲಾದ ವರ್ಷಗಳನ್ನು ನಮೂದಿಸಿದ ಇಂಗ್ಲಿಷ್ ದೃಢೀಕರಣವೊಂದನ್ನು ತಹಶೀಲ್ದಾರರು ಕೇಳಿದವರಿಗೆಲ್ಲ ಕೊಡಬೇಕು. ನೆರೆಯ ಕೇರಳದಲ್ಲಿ ನೋರ್ಕಾ ರೂಟ್ಸ್ ಎಂಬ ಸರಕಾರಿ ಸಂಸ್ಥೆಯು ಹೊರನಾಡಿಗೆ ಹೋಗುವವರ ಪ್ರಮಾಣಪತ್ರಗಳ ದೃಢೀಕರಣವನ್ನು ತಿರುವನಂತಪುರ, ಎರ್ನಾಕುಲಂ, ಕೋಳಿಕ್ಕೋಡುಗಳಲ್ಲಿ ಮಾಡಿಕೊಡುತ್ತದೆ. ಹೊಸಪೇಟೆಯಲ್ಲಿಯೂ ಕಲಬುರಗಿಯಲ್ಲಿಯೂ ಅಂಥ ಕಚೇರಿ ಏಕಾಗಬಾರದು?

ಉಪಾಧ್ಯಾಯ ಬಂಧುಗಳಿಗೂ ಎರಡು ಮಾತು. ಪಾಠ ಹೇಳಿದ ದಿನಚರಿಯನ್ನೂ ಮೇಲ್ವಿಚಾರಕರ ರುಜುವನ್ನೂ ಕಾಲೇಜು ಬಿಡುವ ದಿನವೇ ಪ್ರತಿಮಾಡಿಸಿ ಇಟ್ಟುಕೊಳ್ಳಿರಿ. 2015ಕ್ಕೆ ಮೊದಲು ಒಂದು ವರ್ಷದ ಬಿ.ಎಡ್. ಮಾಡಿದವರು ದಿನಗಳನ್ನು ಸರಿಯಾಗಿ ಎಣಿಸಿ ನೋಡಿ ಅನಂತರ ಹಣ ಕಟ್ಟಿರಿ. ಪಿ.ಯು.ಸಿ. ಆದಮೇಲೆ ಎರಡು ವರ್ಷದ ಡಿ.ಎಡ್. ಒಂದನ್ನೇ ಓದಿದವರಿಗೆ 4 ವರ್ಷದ ನಿಯಮವು ಪೂರೈಸುವುದಿಲ್ಲವೆಂಬುದನ್ನು ಯಾವ ದಲ್ಲಾಳಿಯೂ ತಾನಾಗಿ ಹೇಳಲಾರನು.

ಆ ಹಿರಿಯರು ಚೀಲವನ್ನು ಎತ್ತಿಕೊಂಡು ಸಾಯಂಕಾಲದ ಬಸ್ಸಿಗೆ ಹೊರಟರು. ಮುಚ್ಚಿದ ಕಾಲೇಜಿನ ಆಡಳಿತ ಮಂಡಲಿಯವರನ್ನು ಇನ್ನೊಮ್ಮೆ ಕಂಡು ಅಟ್ಟವನ್ನು ತಾವೇ ಹತ್ತಿ ಹುಡುಕುವರಂತೆ. ಅವರಿಗೆ ಈಗ 68 ವರ್ಷ. ಆ ಏಣಿಯನ್ನು ಅವರು ಹತ್ತಬೇಕಾದ ಅವಶ್ಯಕತೆಯನ್ನು ತಪ್ಪಿಸುವುದು ಸಂಬಂಧಪಟ್ಟ ಅಧಿಕಾರಿಗಳ ಕೈಯಲ್ಲಿದೆ. ಕಾರ್ತಿಕಕ್ಕೆ ಇನ್ನೂ ಕೆಲವು ವಾರಗಳಿವೆ.