ಹೊಸ ಲೈಟ್ ಹಾಕಿದ್ರೂ ಮಂಕು ಯಾಕೆ?

ರಾತ್ರಿ ಕೆಂಗೇರಿ ದಾಟಿ ಬೈಕಲ್ಲಿ ಊರಿಗೆ ಹೊರಟವರಿಗೆ ಈ ಅನುಭವ ಇರುತ್ತೆ. ರಸ್ತೆ ಖಾಲಿ ಅನ್ಕೊಂಡಿರ್ತೀವಿ, ತಟ್ಟನೆ ಮುಂದೆ ಕಬ್ಬು ತುಂಬಿದ ಟ್ರೈಲರ್! 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕೂ ಹೋಗೋ ಹಾಗಿಲ್ಲ, ಟ್ರ್ಯಾಕ್ಟರೂ ಹೋಗೋ ಹಾಗಿಲ್ಲ. ಇಬ್ಬರಿಗೂ ಸರ್ವಿಸ್ ರೋಡೇ ಗತಿ. ಹಾಗಾಗಿ ಟ್ರೈಲರ್ ಹಿಂದಿನ ಕೆಂಪು ದೀಪ ನಮ್ಮ ಜೀವದ ಪ್ರಶ್ನೆ.

ಹೋದ ರಜೆಯಲ್ಲಿ ಮದ್ದೂರಿನ ಹತ್ತಿರ ನಮ್ಮ ಚಿಕ್ಕಪ್ಪನ ಟ್ರೈಲರಿಗೆ ಹೊಸ ಲೈಟ್ ಹಾಕಿದೆ. ಬ್ರೇಕ್ ಒತ್ತಿದರೆ ಮಂಕು. ಇಂಡಿಕೇಟರ್ ಹಾಕಿದರೆ ಟೇಲ್ ಲೈಟೂ ಮಿಣಮಿಣ. "ಇದೇನೋ ನೀನು ಓದ್ತಿರೋ ಇಂಜಿನಿಯರಿಂಗು?" ಅಂದ್ರು ಚಿಕ್ಕಪ್ಪ.

ತಪ್ಪು ಲೈಟಿನದಲ್ಲ, ಅರ್ಥಿಂಗಿನದು. ಏಳು ಪಿನ್‌ನ ಪ್ಲಗ್‌ನಲ್ಲಿ, ಐಎಸ್‌ಒ 1724 ಪ್ರಕಾರ, 1 ಮತ್ತು 4 ಇಂಡಿಕೇಟರ್, 5 ಮತ್ತು 7 ಟೇಲ್, 6 ಬ್ರೇಕ್. ಇವೆಲ್ಲದರ ಕರೆಂಟ್ ವಾಪಸ್ ಬರೋದು 3ನೇ ಪಿನ್ ಒಂದರಿಂದಲೇ. ನಾನು ಲೈಟನ್ನ ಟ್ರೈಲರ್ ಬಾಡಿಗೆ ಬೋಲ್ಟ್ ಮಾಡಿ, ಬಾಡಿಯೇ ಅರ್ಥಿಂಗ್ ಅಂತ ಬಿಟ್ಟಿದ್ದೆ. ಬೋಲ್ಟಿನ ಕೆಳಗೆ ಪೇಂಟು, ತುಕ್ಕು.

ಲೆಕ್ಕ ಹಾಕಿ ನೋಡಿ. 12 ವೋಲ್ಟ್‌ನಲ್ಲಿ 21 ವ್ಯಾಟಿನ ಎರಡು ಬ್ರೇಕ್ ಬಲ್ಬ್ ಅಂದ್ರೆ 3.5 ಆಂಪಿಯರ್, ಸುಮಾರು 3.4 ಓಮ್. ತುಕ್ಕಿನ ಜಾಯಿಂಟ್ ಬರೀ 1 ಓಮ್ ಇದ್ದರೂ ಅಲ್ಲೇ ಸುಮಾರು 2.7 ವೋಲ್ಟ್ ಹೋಯ್ತು. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜ್‌ಗಿಂತ ತುಂಬಾ ಬೇಗ ಇಳಿಯುತ್ತೆ. ಉಳಿಯೋದು ಅರ್ಧಕ್ಕಿಂತ ಕಡಿಮೆ. ಸರಿಯಾದ ದಾರಿ ಸಿಗದ ಇಂಡಿಕೇಟರ್ ಕರೆಂಟು ಟೇಲ್ ಬಲ್ಬಿನ ಮೂಲಕ ವಾಪಸ್ ನುಗ್ಗುತ್ತೆ. ಅದಕ್ಕೇ ಆ ಮಿಣಮಿಣ.

ನೀವು ಹಾಕೋದಾದ್ರೆ:

1. ಹಳೇ ವೈರಿನ ಬಣ್ಣ ನಂಬಬೇಡಿ. ಟೆಸ್ಟ್ ಲ್ಯಾಂಪ್ ಇಟ್ಟು ಒಂದೊಂದೇ ಪಿನ್ ನೋಡಿ.
2. ಪ್ರತಿ ಲೈಟಿನಿಂದ 3ನೇ ಪಿನ್ನಿಗೆ ಬೇರೆ ಅರ್ಥಿಂಗ್ ವೈರ್ ಎಳೀರಿ.
3. ಎಲ್‌ಇಡಿ ಆದ್ರೆ ಪ್ಲಸ್–ಮೈನಸ್ ಅದಲುಬದಲು ಮಾಡಬೇಡಿ. ಇಂಡಿಕೇಟರ್ ಪಟಪಟ ಹೊಡ್ಕೊಂಡ್ರೆ ಗಾಬರಿ ಬೇಡ: ಕರೆಂಟ್ ಕಡಿಮೆ ಅಂತ ಹಳೇ ಫ್ಲ್ಯಾಶರ್ ಬಲ್ಬ್ ಹೋಗಿದೆ ಅನ್ಕೊಂಡಿದೆ. ಎಲ್‌ಇಡಿ ಫ್ಲ್ಯಾಶರ್ ಹಾಕಿ.
4. ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿ. ವೈರ್ ಕಿತ್ತುಹೋದ್ರೂ ಅದು ಹೊಳೆಯುತ್ತೆ.

ನಾನು ಎರಡು ವೈರ್ ಎಳೆದೆ, ಅಷ್ಟೇ. ಆ ಸಂಜೆ ಚಿಕ್ಕಪ್ಪ ಗದ್ದೆಯ ಆ ಬದುವಿನಲ್ಲಿ ನಿಂತು, "ಬ್ರೇಕ್ ಒತ್ತು... ಹ್ಞಾಂ, ಇಲ್ಲೀಗಂಟ ಕಾಣ್ತದೆ" ಅಂದ್ರು. ಈ ಸಲ ಊರಿಗೆ ಹೋದಾಗ ನಿಮ್ಮ ಮನೆ ಟ್ರೈಲರ್ ಹಿಂದೆ ಒಮ್ಮೆ ನಿಂತು ನೋಡಿ.