ಮುರಿದ ಎಲುಬಿನ ಬೆಲೆ

ಸುರಪುರ ತಾಲ್ಲೂಕಿನ ದೇವಾಪುರದ ಸುತ್ತಣ ಹಳ್ಳಿಗಳಲ್ಲಿ ಬಾಳುವೆಯ ಭಾರವೆಲ್ಲ ರಟ್ಟೆಯ ಮೇಲೆ ನಿಂತಿದೆ. ಹತ್ತಿ ಬಿಡಿಸುವ ಕೈ, ಬತ್ತದ ನಾಟಿಗೆ ಬಗ್ಗುವ ಬೆನ್ನು, ಹೊಲದಲ್ಲಿ ಕೆಲಸವಿಲ್ಲದಾಗ ಬೆಂಗಳೂರಿಗೆ ಗುಳೆ ಹೋಗಿ ಕಲ್ಲುಮಣ್ಣು ಹೊರುವ ಹೆಗಲು, ಇವೇ ಅಲ್ಲಿನ ಬಡವರ ಆಸ್ತಿ. ಅಂಥವನೊಬ್ಬನ ಕಾಲು ರಸ್ತೆಯ ಅಪಘಾತದಲ್ಲಿ ಮುರಿದರೆ ಮನೆಯ ನಡುಗಂಬವೇ ಮುರಿದಂತೆ. ಆ ಎಲುಬಿಗೆ ಬೆಲೆ ಕಟ್ಟುವುದು ಯಾವ ಅಳತೆಯಿಂದ?

ಕಲ್ಯಾಣದ ನಾಡಿಗೆ ಈ ಪ್ರಶ್ನೆ ಹೊಸದಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076-1126) ಕಾಲದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ನಾವು ಆಸ್ತಿಯ ಪಾಲಿನ ವಿಚಾರಕ್ಕಾಗಿ ನೆನೆಯುವುದೇ ಹೆಚ್ಚು. ಆದರೆ ಅದರಲ್ಲಿ ದಂಡಪಾರುಷ್ಯವೆಂಬ ಪ್ರಕರಣವೂ ಉಂಟು. ಹೊಡೆದಾಟದಲ್ಲಿ ಕೈ, ಕಾಲು, ಹಲ್ಲು ಮುರಿದವನಿಗೆ ಅಲ್ಲಿ ಮಧ್ಯಮ ದಂಡ ವಿಹಿತವಾಗಿದೆ. ದಂಡವಲ್ಲದೆ ‘ಸಮುತ್ಥಾನ’ದ ವೆಚ್ಚವನ್ನೂ ಅವನು ತೆರಬೇಕು, ಎಂದರೆ, ಪೆಟ್ಟು ತಿಂದವನು ಗುಣಹೊಂದಿ ಏಳುವವರೆಗಿನ ಔಷಧ ಪಥ್ಯಗಳ ಖರ್ಚು. 1860ರ ದಂಡಸಂಹಿತೆಯೂ, 2024ರ ಜುಲೈಯಿಂದ ಅದರ ಸ್ಥಾನಕ್ಕೆ ಬಂದ ನ್ಯಾಯಸಂಹಿತೆಯೂ ಎಲುಬು ಅಥವಾ ಹಲ್ಲು ಮುರಿಯುವುದನ್ನು ಘೋರ ಗಾಯವೆಂದೇ ಎಣಿಸಿವೆ.

ಇವೆಲ್ಲ ಗಾಯವನ್ನು ನೋಡಿದವು; ಗಾಯಗೊಂಡವನ ಕಸುಬನ್ನು ನೋಡುವುದು ಪರಿಹಾರದ ನ್ಯಾಯಮಂಡಳಿಯ ಕೆಲಸ. ಸರ್ವೋಚ್ಚ ನ್ಯಾಯಾಲಯದ 2010ರ ಅಕ್ಟೋಬರದ ತೀರ್ಪೊಂದು ಇದನ್ನು ವಿಶದಪಡಿಸಿದೆ. ವೈದ್ಯರು ಬರೆದುಕೊಡುವ ಅಂಗದ ಊನ ಬೇರೆ, ದುಡಿಮೆಯ ನಷ್ಟ ಬೇರೆ. ಎಡಗೈ ಕಳೆದುಕೊಂಡ ಚಾಲಕನ ಅಥವಾ ಬಡಗಿಯ ನಷ್ಟ ಹೆಚ್ಚುಕಡಮೆ ನೂರಕ್ಕೆ ನೂರು. ಸರಕಾರದ ಗುಮಾಸ್ತನಾದರೋ ತನ್ನ ಕುರ್ಚಿಯಲ್ಲಿ ಮುಂದುವರಿಯಬಲ್ಲ. ಆ ಮೊಕದ್ದಮೆಯಲ್ಲಿ ಎಡಗಾಲಿನ ಎರಡು ಎಲುಬುಗಳೂ ಮುರಿದಿದ್ದ ಸಣ್ಣ ವ್ಯಾಪಾರಿಯೊಬ್ಬನಿಗೆ ಕಾಲಿನ ಮಟ್ಟಿಗೆ ನೂರಕ್ಕೆ 45 ಊನವೆಂದಿದ್ದರೂ, ಗಳಿಕೆಯ ನಷ್ಟವನ್ನು ನೂರಕ್ಕೆ 20 ಎಂದು ನ್ಯಾಯಾಲಯ ನಿರ್ಣಯಿಸಿತು. ಅದೇ ಕಾಲು ಮೂಟೆ ಹೊರುವ ಹಮಾಲನದಾಗಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ದಿನಗೂಲಿಯವನಿಗೆ ಸಂಬಳದ ಚೀಟಿ ಎಲ್ಲಿಯದು? 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಕರ್ನಾಟಕದ ಮೊಕದ್ದಮೆಯೊಂದರಲ್ಲಿ 35 ವರ್ಷದ ಕೂಲಿಯಾಳು ತನ್ನ ತಿಂಗಳ ಗಳಿಕೆ 4,500 ರೂಪಾಯಿ ಎಂದಿದ್ದ. ನ್ಯಾಯಮಂಡಳಿ ಅದನ್ನು 3,000ಕ್ಕೆ ಇಳಿಸಿತ್ತು. ಕೂಲಿಯವನಿಂದ ದಾಖಲೆಯನ್ನು ನಿರೀಕ್ಷಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ ಅವನ ಮಾತನ್ನೇ ಎತ್ತಿಹಿಡಿಯಿತು. ಈ ಅಂತರ ಅಲ್ಪವಲ್ಲ. 35 ವರ್ಷದವನಿಗೆ ವಾರ್ಷಿಕ ಗಳಿಕೆಯನ್ನು 16ರಿಂದ ಗುಣಿಸುವುದು ಕ್ರಮ. ನೂರಕ್ಕೆ 20 ನಷ್ಟವೆಂದಿಟ್ಟುಕೊಂಡರೆ, ಮುಂದಿನ ಏರಿಕೆಯನ್ನು ಸೇರಿಸದೆಯೇ, ಮೊದಲ ಲೆಕ್ಕಕ್ಕೆ 1,72,800 ರೂಪಾಯಿ, ಎರಡನೆಯದಕ್ಕೆ 1,15,200. ನಡುವಣ 57,600 ರೂಪಾಯಿ ಒಂದು ಕಾಗದದ ಚೂರಿಲ್ಲದ್ದಕ್ಕೆ ತೆರುವ ದಂಡ.

ನಮ್ಮ ಹಳ್ಳಿಗರು ಎಲುಬು ಕಟ್ಟಿಸಿಕೊಳ್ಳಲು ನಾಟಿವೈದ್ಯರಲ್ಲಿಗೆ ಹೋಗುವುದುಂಟು. ಅಲ್ಲಿ ರಸೀತಿಯಿಲ್ಲ, ಕ್ಷ-ಕಿರಣದ ಚಿತ್ರವಿಲ್ಲ. ಆಸ್ಪತ್ರೆಯ ಚೀಟಿ, ಔಷಧದ ರಸೀತಿ, ಪೊಲೀಸರಿಗೆ ಕೊಟ್ಟ ದೂರಿನ ಪ್ರತಿ, ಕೆಲಸ ಕೊಟ್ಟ ಮೇಸ್ತ್ರಿಯ ಸಾಕ್ಷ್ಯ, ಇವನ್ನು ಕೂಡಿಡಲು ನೆರವಾಗುವುದು ಅಕ್ಷರ ಬಲ್ಲವರ ಧರ್ಮ. 1987ರ ಕಾನೂನು ಸೇವೆಗಳ ಅಧಿನಿಯಮದಂತೆ ಸ್ತ್ರೀಯರಿಗೂ, ಪರಿಶಿಷ್ಟ ಜಾತಿ ಪಂಗಡಗಳವರಿಗೂ, ಅಂಗವಿಕಲರಿಗೂ ವಕೀಲರ ನೆರವು ಉಚಿತ. ಊರಿನ ಶಾಲೆಯ ಮೇಷ್ಟರು ಬರೆದುಕೊಡುವ ಒಂದು ಅರ್ಜಿಯಿಂದ ಬಿದ್ದ ಮನೆಯೊಂದು ಎದ್ದು ನಿಲ್ಲಬಹುದು. ಸಮುತ್ಥಾನವೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕೆ?