ನಾಲ್ಕು ತಂತಿ, ಒಂದೇ ತೂಕ

ಇ ತಂತಿ ತುಂಬಿಕೊಂಡು ಬರುತ್ತದೆ. ಎ ಇನ್ನೂ ಜೋರು. ಜಿ ಸ್ಪಷ್ಟ. ನಡುವಿನ ಡಿ ಮಾತ್ರ ಗೋಡೆಯಾಚೆ ಯಾರೋ ಮಾತಾಡಿದ ಹಾಗೆ.

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಎರಡನೇ ಮಹಡಿಯ ರಿಪೇರಿ ಕೋಣೆ. ಗೋಡೆಯ ಮೊಳೆಗಳಿಗೆ ಗಿಟಾರುಗಳು ನೇತುಬಿದ್ದಿವೆ. ಕೆಲವಕ್ಕೆ ತಂತಿಯಿಲ್ಲ, ಒಂದಕ್ಕೆ ಕತ್ತೇ ಇಲ್ಲ. ಮರದ ಪುಡಿ, ಅಂಟು, ಬೆಸುಗೆಯ ಹೊಗೆ ಬೆರೆತ ವಾಸನೆ. ಕಿಟಕಿ ಪಕ್ಕದ ಮೇಜಿಗೆ ಟವೆಲ್ ಹಾಸಿ, ದೊಡ್ಡ ಹೊಟ್ಟೆಯ ಅಕೌಸ್ಟಿಕ್ ಬೇಸ್ ಗಿಟಾರನ್ನು ಮಲಗಿಸಿದ್ದಾರೆ. ಅಗ್ಗದ ವಾದ್ಯ. ಅದನ್ನು ಹೊತ್ತು ತಂದ ಹುಡುಗ ಉಗುರು ಕಚ್ಚುತ್ತ ನಿಂತಿದ್ದಾನೆ.

“ಅಣ್ಣಾ, ಪಿಕಪ್ ಹೋಗಿದೆ ಅನ್ಸುತ್ತೆ. ಹೊಸದು ಹಾಕ್ಬಿಡಿ.”

“ಇರಪ್ಪಾ. ಮೊದ್ಲು ಕೇಬಲ್ ಕಿತ್ತು ಹಾಗೇ ನುಡಿಸು.”

ಹುಡುಗ ನುಡಿಸುತ್ತಾನೆ. ಆಂಪ್ಲಿಫೈಯರ್ ಇಲ್ಲದೆ ನಾಲ್ಕೂ ತಂತಿ ಹೆಚ್ಚುಕಮ್ಮಿ ಒಂದೇ ಸಮ. ತಂತಿ ಸರಿಯಿದೆ, ಮರವೂ ಸರಿಯಿದೆ. ಪಿಕಪ್ಪಿನ ದನಿಯನ್ನು ಹಿಗ್ಗಿಸುವ ಪ್ರಿಆಂಪಿನ 9 ವೋಲ್ಟ್ ಬ್ಯಾಟರಿ ಸೋತಿದ್ದರೆ ನಾಲ್ಕೂ ಒಟ್ಟಿಗೆ ಸೊರಗಬೇಕಿತ್ತು. ದನಿ ಮರದಿಂದ ವೈರಿಗೆ ದಾಟುವ ಜಾಗದಲ್ಲೇ ಎಲ್ಲೋ ಡಿ ಕಳೆದುಹೋಗುತ್ತಿದೆ.

ದಾಟದೆ ಈ ವಾದ್ಯಕ್ಕೆ ಗತಿಯಿಲ್ಲ. ಅಕೌಸ್ಟಿಕ್ ಗಿಟಾರಿಗೂ ಅದರದೇ ಆದ ಬೇಸ್ ಜೊತೆ ಬೇಕೆಂಬ ಆಸೆಯಿಂದ ಅಮೆರಿಕದ ಅರ್ನಿ ಬಾಲ್ 1972ರಲ್ಲಿ ಅರ್ತ್‌ವುಡ್ ಬೇಸ್ ತಂದರು; ಮೆಕ್ಸಿಕೋದ ಮರಿಯಾಚಿ ಮೇಳದ ಗಿಟರ್ರೋನ್ ಅವರಿಗೆ ಸ್ಫೂರ್ತಿ. ಆದರೆ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ, ಗಾಳಿಯಲ್ಲಿ ಆ ಅಲೆಯ ಉದ್ದ 8 ಮೀಟರಿಗೂ ಹೆಚ್ಚು. ತೊಡೆಯ ಮೇಲೆ ಕೂರುವ ಪೆಟ್ಟಿಗೆಗೆ ಅಂಥ ಅಲೆಯನ್ನು ತಳ್ಳುವ ತ್ರಾಣ ಸಾಲದು. ಡ್ರಮ್ಮು, ಕೀಬೋರ್ಡುಗಳ ನಡುವೆ ಕೇಳಿಸಬೇಕಾದರೆ ಪಿಕಪ್ ಬೇಕೇ ಬೇಕು.

ಇಂಥ ಬೇಸುಗಳಲ್ಲಿ ಸಾಮಾನ್ಯವಾಗಿ ಆ ಪಿಕಪ್ ಇರುವುದು ಸ್ಯಾಡಲ್ಲಿನ ಅಡಿಯಲ್ಲಿ. ಸ್ಯಾಡಲ್ ಎಂದರೆ ಬ್ರಿಜ್ಜಿನಲ್ಲಿ ಕೊರೆದ ಸೀಳಿನಲ್ಲಿ, ಅಂದರೆ ಗಾಡಿಯಲ್ಲಿ, ಕೂತು ತಂತಿಗಳನ್ನು ಹೊರುವ ಬಿಳಿಯ ಪಟ್ಟಿ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು 1880ರಲ್ಲಿ ಝಾಕ್ ಮತ್ತು ಪಿಯೆರ್ ಕ್ಯೂರಿ ಸಹೋದರರು ತೋರಿಸಿಕೊಟ್ಟರು. ಪಿಯೆಜೊ ಪಿಕಪ್ಪಿನ ಗುಟ್ಟು ಅದೇ. ಸ್ಯಾಡಲ್ ಒತ್ತಿದ ಕಡೆ ಅದಕ್ಕೆ ಕೇಳಿಸುತ್ತದೆ. ಒತ್ತದ ಕಡೆ ಅದು ಕಿವುಡು.

ಅಣ್ಣ ತಂತಿಗಳನ್ನು ಸಡಿಲಿಸಿ, ಪಿನ್ನು ಕಿತ್ತು, ಬಟ್ಟೆ ಸುತ್ತಿದ ಇಕ್ಕಳದಿಂದ ಸ್ಯಾಡಲನ್ನು ಮೆಲ್ಲಗೆ ಎಳೆಯುತ್ತಾರೆ. ಗಾಡಿಯ ತಳದಲ್ಲಿ ಕಾರ್ಖಾನೆಯ ಕಾಲದ ಮರದ ಹೊಟ್ಟು ಹಾಗೇ ಕೂತಿದೆ. ಪಿಕಪ್ ಪಟ್ಟಿಯನ್ನು ಜೋಪಾನವಾಗಿ ಸರಿಸಿ, ಸಣ್ಣ ಬ್ರಷ್ಷಿನಿಂದ ಹೊಟ್ಟನ್ನು ಗುಡಿಸಿ ತೆಗೆಯುತ್ತಾರೆ. ಸ್ಟೀಲ್ ಸ್ಕೇಲಿನ ಅಂಚನ್ನು ಇಳಿಬಿಟ್ಟು ನೋಡಿದರೆ ತಳ ಮಟ್ಟವಾಗಿದೆ. ಆಮೇಲೆ ಸ್ಯಾಡಲನ್ನು ಗಾಜಿನ ತುಂಡಿನ ಮೇಲೆ ನಿಲ್ಲಿಸಿ ಹುಡುಗನನ್ನು ಕರೆಯುತ್ತಾರೆ. “ಬಗ್ಗಿ ನೋಡು.” ಕಿಟಕಿಯ ಬೆಳಕು ಸ್ಯಾಡಲ್ಲಿನಡಿಯಿಂದ ಗೆರೆಯಾಗಿ ಇಣುಕುತ್ತಿದೆ, ಸರಿಯಾಗಿ ಡಿ ತಂತಿ ಕೂರುವ ಜಾಗದಲ್ಲಿ.

ಗಾಜಿಗೆ 220 ನಂಬರಿನ ಸ್ಯಾಂಡ್‌ಪೇಪರ್ ಅಂಟಿಸಿ, ಸ್ಯಾಡಲ್ಲಿನ ತಳಕ್ಕೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಉಜ್ಜತೊಡಗುತ್ತಾರೆ. ಪಟ್ಟಿ ವಾಲುವಂತಿಲ್ಲ, ಎರಡೂ ಕೈಯ ಬೆರಳು ಅದನ್ನು ನೆಟ್ಟಗೆ ಹಿಡಿದಿವೆ. ಮೊದಲು ಎರಡು ತುದಿಯ ಗೆರೆಗಳು ಅಳಿಯುತ್ತವೆ. ತಗ್ಗಿನ ಗೆರೆಗಳು ಬೇಗ ಹೋಗವು. ಎಲ್ಲ ಗೆರೆ ಅಳಿದಾಗ ತಳ ಮಟ್ಟ ಬಂತು ಎಂದರ್ಥ. ಹುಡುಗ ಒಂದು ಕಾಗದದ ಚೂರು ಮಡಚಿ ಕೊಡುತ್ತಾನೆ, ಡಿ ಅಡಿಗೆ ತುರುಕಿದರೆ ಸಾಲದೇ ಎಂದು. “ಕಾಗದ ಮೆತ್ತಗೆ, ದಿನ ಕಳೆದ ಹಾಗೆ ಒತ್ತಿಹೋಗುತ್ತೆ. ಬೇರೇನೂ ಆಗ್ದೇ ಇದ್ದಾಗ ಅದು.” ಅತಿಯಾಗಿ ಉಜ್ಜುವುದೂ ಸಲ್ಲದು. ಸ್ಯಾಡಲ್ 1 ಮಿಲಿಮೀಟರ್ ತಗ್ಗಿದರೆ 12ನೇ ಫ್ರೆಟ್ಟಿನ ಮೇಲೆ ತಂತಿ ಅರ್ಧ ಮಿಲಿಮೀಟರ್ ಇಳಿಯುತ್ತದೆ. ಹೆಚ್ಚು ಇಳಿದರೆ ಫ್ರೆಟ್ಟಿಗೆ ತಾಗಿ ಕರಕರ ಎನ್ನುತ್ತದೆ. ಹಾಗಾದರೆ ತಳದುದ್ದಕ್ಕೂ ತೆಳು ಮರದ ಪದರ ಕೊಡಬೇಕು.

ಸ್ಯಾಡಲ್ಲಿನ ಬದಿಯನ್ನೂ ಸ್ವಲ್ಪವೇ ಸವರುತ್ತಾರೆ. ಗಾಡಿಯಲ್ಲಿ ಅದು ಬಿಗಿಯಾದರೆ ತಂತಿಯ ಭಾರವನ್ನು ಗೋಡೆಗಳೇ ಹೊತ್ತುಬಿಡುತ್ತವೆ, ಪಿಕಪ್ಪಿಗೆ ತಲುಪುವುದಿಲ್ಲ, ಸಡಿಲವಾದರೆ ವಾಲುತ್ತದೆ. ಬೆರಳಿನಿಂದ ಒತ್ತಿದರೆ ಇಳಿಯಬೇಕು, ತಾನಾಗಿ ಅಲುಗಬಾರದು. ತಂಬೂರಿಯ ಕುದುರೆಯ ಮೇಲೆ ತಂತಿಯಡಿಯ ನೂಲೆಳೆಯನ್ನು ಸರಿಸಿ ಸರಿಸಿ ನಾದ ಬಿಡಿಸುವವರನ್ನು ಕಂಡವರಿಗೆ ಈ ಸೂಕ್ಷ್ಮ ಹೊಸದಲ್ಲ. ತಂತಿ ಭಾರವಿಳಿಸುವ ಆ ಇಷ್ಟೇ ಇಷ್ಟು ಜಾಗದಲ್ಲಿ ದನಿಯ ಹಣೆಬರಹ ತೀರ್ಮಾನವಾಗುತ್ತದೆ.

ತಂತಿ ಬಿಗಿದು, ಶ್ರುತಿ ಮಾಡಿ, ಒಂದೊಂದನ್ನೂ ಎಳೆದು ಕೂರಿಸಿ, ಕೇಬಲ್ ಸಿಕ್ಕಿಸಿ ವಾದ್ಯವನ್ನು ಹುಡುಗನ ಕೈಗೆ ಕೊಡುತ್ತಾರೆ. ಇ, ಎ, ಡಿ, ಜಿ. ಡಿ ಈಗ ಸಾಲಿನಲ್ಲಿ ನಿಂತಿದೆ. ಇ ತಂತಿಯ ಗಾತ್ರ, ಜಿ ತಂತಿಯ ಹೊಳಪು ಬೇರೆ ಬೇರೆಯಾಗಿಯೇ ಉಳಿದಿವೆ, ಸಮವಾಗಿದ್ದು ತೂಕ. ಹುಡುಗ ಸಣ್ಣದೊಂದು ನಡೆಯನ್ನು ನಾಲ್ಕೂ ತಂತಿಯ ಮೇಲೆ ಏರಿಸಿ ಇಳಿಸುತ್ತಾನೆ, ಎಲ್ಲೂ ಹಳ್ಳ ಬೀಳುವುದಿಲ್ಲ. ಬೇಸಿನ ಧರ್ಮವೇ ಅದು. ಮೇಳ ಕಾಲೂರುವುದು ಅದರ ಮೇಲೆ; ಒಂದು ಸ್ವರ ಕುಸಿದರೆ ಹಾಡುವವರ ಹೆಜ್ಜೆಯೇ ತಪ್ಪುತ್ತದೆ.

ಈ ವಾದ್ಯದಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಬೆಲೆ ಇಳಿಸುವ ಅವಸರದಲ್ಲಿ ಕಾರ್ಖಾನೆ ಬಿಟ್ಟದ್ದು ಕೊನೆಯ ಈ ಕೈಗೆಲಸವನ್ನು. ಕಡಿಮೆ ದುಡ್ಡಿಗೆ ಕೊಂಡವರಿಗೂ ನಾಲ್ಕು ತಂತಿ ಪೂರ್ತಿ ಕೇಳುವ ಹಕ್ಕಿದೆ, ಅದನ್ನು ಅವರಿಗೆ ದಕ್ಕಿಸಿಕೊಡುವ ಇಂಥ ಕೈಗಳ ಬಗ್ಗೆ ನನಗೆ ದೊಡ್ಡ ಗೌರವ.

ಹುಡುಗ ಚೀಲದ ಜಿಪ್ ಎಳೆಯುವಾಗ ಅಣ್ಣ ಹೇಳುತ್ತಾರೆ: “ನಿನ್ ಸ್ನೇಹಿತರು ಯಾರಾದ್ರೂ ಬೇಸ್ ತಗೊಳ್ಳೋಕೆ ಹೋದ್ರೆ ಅಂಗಡೀಲೇ ಕೇಬಲ್ ಹಾಕಿ, ನಾಲ್ಕೂ ತಂತೀನ ಒಂದೇ ಬೆರಳಲ್ಲಿ, ಒಂದೇ ಬಲದಲ್ಲಿ ನುಡಿಸಿ ನೋಡೋಕೆ ಹೇಳು. ಒಂದು ಸಣ್ಣಗೆ ಕೇಳಿದ್ರೆ ಪಿಕಪ್ಪಿಗೆ ದುಡ್ಡು ಸುರಿಯೋದು ಬೇಡ. ಮೊದ್ಲು ಸ್ಯಾಡಲ್ ಎತ್ತಿ ಅದರ ತಳ ನೋಡ್ಲಿ.”